ಕರಿಬೇವಿನ ಕೊಸರು

ಖಾಲಿ ತಟ್ಟೆಯಲ್ಲೂ ವಾಸನೆ ಉಳಿದಿತ್ತು. ನಾನಿರುವ ಈ ಜರ್ಮನ್ ಊರಿನಲ್ಲಿ ನಮ್ಮ ಕಡೆಯ ದಿನಸಿ ಸಿಗುವ ಅಂಗಡಿ ಒಂದೇ. ಶ್ರೀಲಂಕಾದ ಜಾಫ್ನಾದಿಂದ ಬಂದು ನೆಲೆಸಿದ ಒಬ್ಬ ತಮಿಳು ಹೆಂಗಸಿನದು. ಶನಿವಾರ ಬೆಳಿಗ್ಗೆ ಕರಿಬೇವು ಬರುತ್ತದೆ, ಮಧ್ಯಾಹ್ನದೊಳಗೆ ಮುಗಿದುಹೋಗುತ್ತದೆ. ಇವತ್ತು ನಾನು ತಡವಾಗಿ ಹೋದೆ. ಬೆಂಡೆಕಾಯಿಗೂ ನುಗ್ಗೆಕಾಯಿಗೂ ನಡುವಿನ ತಟ್ಟೆಯಲ್ಲಿ ಉದುರಿದ ಒಂದೆರಡು ಎಲೆ ಮಾತ್ರ ಇದ್ದವು, ಪಕ್ಕದಲ್ಲಿ ಬೆಲೆ ಬರೆದ ಚೀಟಿ. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಒಂದು ಎಲೆಯನ್ನು ಬೆರಳಲ್ಲಿ ತಿಕ್ಕಿ ಮೂಸಿದೆ.

ಕರಿಬೇವಿಗೆ ಬೆಲೆ ಇದೆ ಎಂಬುದು ಈ ದೇಶಕ್ಕೆ ಬಂದ ಮೇಲೆ ನನಗೆ ಗೊತ್ತಾದ ಸಂಗತಿ. ನಗಬೇಡಿ. ನಾನು ಬೆಳೆದದ್ದು ಕೆಜಿಎಫ್‌ನಲ್ಲಿ, ಉರಿಗಾಂ ಹತ್ತಿರದ ಕ್ವಾರ್ಟರ್ಸ್‌ನಲ್ಲಿ. ಅಲ್ಲಿ ಕರಿಬೇವನ್ನು ಯಾರೂ ಕೊಳ್ಳುತ್ತಿರಲಿಲ್ಲ. ತರಕಾರಿ ತೂಗಿ, ದುಡ್ಡು ಕೊಟ್ಟು, ಎಲ್ಲ ಮುಗಿದ ಮೇಲೆ ಚೀಲದ ಮೇಲೆ ಒಂದು ಹಿಡಿ ಬಂದು ಬೀಳುತ್ತಿತ್ತು. ತೂಕಕ್ಕೆ ಸೇರದೆ ಕೈಯಿಂದ ಹಾಕುವ ಈ ಹೆಚ್ಚಿಗೆಯೇ ಕೊಸರು. ಕನ್ನಡ, ತೆಲುಗು, ತಮಿಳು ಮೂರೂ ಒಂದೇ ಬೀದಿಯಲ್ಲಿ ಓಡಾಡುವ ನಮ್ಮೂರಿನಲ್ಲಿ ಮೂರಕ್ಕೂ ಹೆಚ್ಚುಕಡಿಮೆ ಒಂದೇ ಮಾತು. ಅಮ್ಮ ಮೂರರಲ್ಲೂ ಅದನ್ನು ಕೇಳಬಲ್ಲಳು.

ಅಮ್ಮ ಬಂಗಾರಪೇಟೆ ಪಕ್ಕದ ಹಳ್ಳಿಯವಳು. ತವರಿನಲ್ಲಿ ಟೊಮ್ಯಾಟೊ ಬೆಳೆಯುತ್ತಾರೆ, ಡೈರಿಗೆ ಹಾಲು ಹಾಕುತ್ತಾರೆ. ಬೆಳೆಯುವವರ ಮನೆಯಿಂದ ಬಂದವಳಿಗೆ ಕೊಂಡು ತಿನ್ನುವುದೇ ಒಂದು ಮಟ್ಟಿಗೆ ಅವಮಾನ. ಅದನ್ನು ಅವಳು ಕೊಸರಿನಲ್ಲಿ ತೀರಿಸಿಕೊಳ್ಳುತ್ತಿದ್ದಳೆಂದು ನನ್ನ ಊಹೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನಲ್ಲಿ ಅವಳ ಖಾಯಂ ಅಂಗಡಿ ಮುನೆಮ್ಮನದು.

"ಕೊಸರಾಕು ಮುನೆಮ್ಮ."

"ಆಕಿದ್ನಲ್ಲಕ್ಕಾ. ನೋಡು, ತಟ್ಟೆ ನೆಲ ಮುಟ್ಟೈತೆ."

"ನಿನ್ ತಕ್ಕಡಿ ಯಾವಾಗ್ಲೂ ನಿನ್ ಕಡೀಕೇ ವಾಲೋದು. ಕೈಯಾದ್ರೂ ನನ್ ಕಡೀಕ್ ವಾಲ್ಲಿ."

"ನಿನಗಿಂತ ವರದಕ್ಷಿಣೆ ಕೇಳೋರೇ ವಾಸಿ ಕಣಕ್ಕಾ," ಎನ್ನುತ್ತ ಮುನೆಮ್ಮ ಕರಿಬೇವಿನ ಜೊತೆ ಒಂದಿಷ್ಟು ಹಸಿಮೆಣಸಿನಕಾಯಿಯನ್ನೂ ಎಸೆಯುತ್ತಿದ್ದಳು. "ನಿನ್ ಮಗಳ್ನ ನೋಡಿ ಕಲ್ತ್ಕೋ. ಒಂದ್ ಮಾತಾಡ್ತದಾ?"

"ಅವಳು ಬಾಯಿ ಮನೇಲ್ ಬಿಟ್ಟು ಬತ್ತಾಳೆ, ಅವರಪ್ಪನಂಗೆ."

ಹೌದು. ಈ ಸಂಭಾಷಣೆ ನಡೆಯುವಾಗ ನಾನು ಚೀಲ ಹಿಡಿದು, ಎದುರಿನ ಪಾತ್ರೆ ಅಂಗಡಿಯ ಬೋರ್ಡನ್ನು ಓದುತ್ತ ನಿಲ್ಲುತ್ತಿದ್ದೆ. ವರ್ಷಗಟ್ಟಲೆ ಅದನ್ನೇ ಓದಿದ್ದರಿಂದ ಅದರಲ್ಲಿದ್ದ ಅಕ್ಷರ ದೋಷಗಳು ಇವತ್ತಿಗೂ ಬಾಯಿಪಾಠ.

ಅಪ್ಪ ಕಾರ್ಖಾನೆ ಕೆಲಸಕ್ಕೆಂದು ದಾವಣಗೆರೆ ಕಡೆಯಿಂದ ಬಂದವರು. ಯಾರನ್ನೂ ಏನನ್ನೂ ಕೇಳದೆ ಬದುಕಬಹುದೆಂದು ನಂಬಿದವರು. ಒಮ್ಮೆ ಅಮ್ಮ ತವರಿಗೆ ಹೋಗಿದ್ದಾಗ ಮಾರ್ಕೆಟ್ಟಿಗೆ ಅವರೇ ಹೋದರು. ಹೇಳಿದ ಬೆಲೆ ಕೊಟ್ಟು, ಸರಸರನೆ ತಿರುಗಿ ಬಂದರು. ಮನೆಗೆ ಬಂದು ನೋಡಿದರೆ ಕರಿಬೇವಿಲ್ಲ. ಮತ್ತೆ ಹೋಗಿ ಮುನೆಮ್ಮನ ಮುಂದೆ ನಿಂತು, "ಕರಿಬೇವು ಎಷ್ಟಕ್ಕೆ?" ಎಂದು ವಿಚಾರಿಸಿದರಂತೆ. ಮುನೆಮ್ಮನಿಗೆ ಬೇಜಾರಾಯಿತು. "ಕರಿಬೇವು ಮಾರೋ ಗತಿ ಇನ್ನೂ ಬಂದಿಲ್ಲಣ್ಣಾ," ಎಂದು ಒಂದು ಹಿಡಿ ಚೀಲಕ್ಕೆ ತುರುಕಿದಳು. ಪುಕ್ಕಟೆ ತೆಗೆದುಕೊಂಡು ಬರಲು ಅಪ್ಪನಿಗೆ ಮನಸ್ಸು ಒಪ್ಪಲಿಲ್ಲ. ಯಾರಿಗೂ ಬೇಡವಾಗಿದ್ದ ಒಂದು ದೊಡ್ಡ ಕುಂಬಳಕಾಯಿ ಕೊಂಡು ಹೊತ್ತು ತಂದರು. ಅಮ್ಮ ಊರಿಂದ ಬಂದ ಮೇಲೂ ನಾವು ಕುಂಬಳಕಾಯಿ ತಿನ್ನುತ್ತಲೇ ಇದ್ದೆವು.

ನಾನು ಅಪ್ಪನ ಮಗಳು. ಓದು ಮುಗಿಸಿ, ಇಲ್ಲಿಯ ಪ್ರಯೋಗಾಲಯವೊಂದರಲ್ಲಿ ಕೆಲಸ ಸಿಕ್ಕಿ ಬಂದಾಗ, ಈ ಊರು ನನಗಾಗಿಯೇ ಕಟ್ಟಿದಂತಿದೆ ಎನ್ನಿಸಿತ್ತು. ಸೂಪರ್ ಮಾರ್ಕೆಟ್ಟಿನಲ್ಲಿ ಸಾಮಾನನ್ನು ನಾನೇ ಯಂತ್ರಕ್ಕೆ ತೋರಿಸಿ, ನಾನೇ ಹಣ ಕಟ್ಟಿ, ಒಂದು ಶಬ್ದ ಆಡದೆ ಹೊರಗೆ ಬರಬಹುದು. ಜಾಫ್ನಾದವರ ಅಂಗಡಿಯಲ್ಲೂ ಹಾಗೆಯೇ ನಡೆದುಕೊಂಡೆ. ನನಗೆ ತಮಿಳು ಬರುತ್ತದೆಂದು ಬಹಳ ಕಾಲ ಅವರಿಗೆ ಗೊತ್ತಾಗಲಿಲ್ಲ.

ಅಮ್ಮನಿಗೆ ಮಾತ್ರ ಇದು ಸರಿಬರಲಿಲ್ಲ. ಶನಿವಾರ ಸಂಜೆಯ ಫೋನಿನಲ್ಲಿ ಸಂಬಳ ಕೇಳುವುದಿಲ್ಲ, ಚಳಿ ಕೇಳುವುದಿಲ್ಲ. ಕೊನೆಗೆ ಒಂದೇ ಪ್ರಶ್ನೆ: "ಅಲ್ಲಿ ನಿನ್ನ ಕೇಳೋರು ಯಾರವ್ರೆ?"

"ಎಲ್ಲಾ ಇದ್ದಾರಮ್ಮ."

"ಎಲ್ಲಾ ಅಂದ್ರೆ ಯಾರೂ ಇಲ್ಲ ಅಂತ. ಒಬ್ಬರ ಎಸರು ಯೋಳು."

ನಾನು ಮಾತು ತಿರುಗಿಸುತ್ತಿದ್ದೆ. ಈ ಚಳಿಗಾಲದಲ್ಲಿ ಜ್ವರ ಬಂದು ಕೆಲವು ದಿನ ಮಲಗಿದೆ. ಕೆಲಸದ ಜಾಗಕ್ಕೆ ರಜೆಯ ಸಂದೇಶ ಕಳಿಸಿದೆ. ಬೇಗ ಗುಣವಾಗಲಿ ಎಂದು ಅವರು ಸೌಜನ್ಯದಿಂದಲೇ ಉತ್ತರಿಸಿದರು. ಗಂಟಲು ಕಟ್ಟಿದೆ ಎಂದಷ್ಟೇ ಅಮ್ಮನಿಗೆ ಹೇಳಿದೆ. ಆದರೆ ನನ್ನ ಬಾಗಿಲು ತಟ್ಟಿ ನೋಡಬೇಕೆಂದು ತೋಚುವವರು ಒಬ್ಬರೂ ಈ ಊರಿನಲ್ಲಿಲ್ಲ ಎಂಬುದು ಹಾಗೆ ಮಲಗಿದ್ದಾಗ ನನಗೆ ಲೆಕ್ಕ ಹಾಕಿದಷ್ಟು ಸ್ಪಷ್ಟವಾಗಿ ಕಂಡಿತು. ಇದನ್ನು ಅನುಕಂಪಕ್ಕಾಗಿ ಹೇಳುತ್ತಿಲ್ಲ. ಹಾಗೆ ವ್ಯವಸ್ಥೆ ಮಾಡಿಕೊಂಡವಳು ನಾನೇ.

ಆಗ ನೆನಪಾದವಳು ಮುನೆಮ್ಮ. ನಾನು ಹೈಸ್ಕೂಲಿನಲ್ಲಿದ್ದಾಗ ಅಮ್ಮ ಬಚ್ಚಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮಾರ್ಕೆಟ್ಟಿಗೆ ಹೋಗಿರಲಿಲ್ಲ. ಒಂದು ಮಧ್ಯಾಹ್ನ ಕ್ವಾರ್ಟರ್ಸ್ ಮುಂದೆ ಗೂಡ್ಸ್ ಆಟೋ ನಿಂತಿತು. ಮನೆ ಮನೆ ವಿಚಾರಿಸಿಕೊಂಡು ಮುನೆಮ್ಮ ಬಂದಿದ್ದಳು. "ಅಕ್ಕ ಬರ್ನೇ ಇಲ್ವಲ್ಲ, ಬ್ಯಾರೆ ಅಂಗಡಿ ಇಡ್ದವ್ಳಾ, ಇಲ್ಲಾ ಕಾಯಿಲೆ ಬಿದ್ದವ್ಳಾ ನೋಡ್ಕೊಂಡ್ ಓಗಾನ ಅಂತ ಬಂದೆ," ಎಂದಳು. ಅಮ್ಮನ ಊದಿದ ಕಾಲನ್ನು ನೋಡಿ, "ಸದ್ಯ, ಕಾಲಾ? ನಾನು ಬ್ಯಾರೆ ಅಂಗಡೀನೇ ಅಂದ್ಕಂಡಿದ್ದೆ," ಎಂದು ನಿರಾಳವಾಗಿ ಕೂತು ಕಾಫಿ ಕುಡಿದಳು. ಅಷ್ಟು ವರ್ಷ ಅಮ್ಮ ಜಗಳವಾಡಿ ಗಿಟ್ಟಿಸಿದ್ದು ಬರೀ ಕರಿಬೇವಲ್ಲ ಎಂದು ನನಗೆ ಹೊಳೆಯಲು ಜರ್ಮನಿಯ ಜ್ವರ ಬೇಕಾಯಿತು.

ಜ್ವರ ಬಿಟ್ಟ ಮೇಲಿನ ಶನಿವಾರ ಅಂಗಡಿಗೆ ಹೋಗಿ, ಹಣ ಕೊಟ್ಟು, ಬಾಗಿಲಿನವರೆಗೆ ನಡೆದು, ತಿರುಗಿ ಬಂದು ನಮ್ಮೂರ ತಮಿಳಿನಲ್ಲಿ ಕೊಸರು ಕೇಳಿದೆ. ಅಂಗಡಿಯಾಕೆಗೆ ಆ ಮಾತೇ ಗೊತ್ತಿರಲಿಲ್ಲ. ಹಾಗೆಂದರೇನು ಎಂದು ಕೇಳಿದರು. ಬೇರೆ ದಾರಿಯಿಲ್ಲದೆ ವಿವರಿಸಿದೆ: ತಕ್ಕಡಿ, ಕೈ, ಅಮ್ಮ, ಮುನೆಮ್ಮ, ಕುಂಬಳಕಾಯಿ. ಹಿಂದೆ ನಿಂತ ಗಿರಾಕಿಗಳು ಕಾಯುತ್ತಿದ್ದರು. ಒಂದು ವರ್ಷದಲ್ಲಿ ಆ ಅಂಗಡಿಯಲ್ಲಿ ಆಡದಷ್ಟು ಮಾತನ್ನು ಒಂದೇ ಉಸಿರಿಗೆ ಆಡಿದ್ದೆ. ಆಕೆ ಕೇಳಿಸಿಕೊಂಡು, ನಕ್ಕು, "ಇಷ್ಟು ದಿನ ನಿನ್ನನ್ನು ಮೂಗಿ ಅಂದುಕೊಂಡಿದ್ದೆ," ಎಂದು ತಮ್ಮ ತಮಿಳಿನಲ್ಲಿ ಹೇಳಿ ನಾಲ್ಕಾರು ಹಸಿಮೆಣಸಿನಕಾಯಿ ಚೀಲಕ್ಕೆ ಹಾಕಿದರು. ಆಮೇಲೆ ಪ್ರತಿ ಶನಿವಾರ ಕೇಳಿದೆ. ಒಮ್ಮೊಮ್ಮೆ ಕೊಟ್ಟರು, ಒಮ್ಮೊಮ್ಮೆ ಇವತ್ತು ಆಗುವುದಿಲ್ಲ ಎಂದು ಗದರಿದರು. ಗದರಿಸಿಕೊಂಡು ಬಂದ ದಿನವೂ ನನಗೆ ಚೆನ್ನಾಗಿಯೇ ಇತ್ತು.

ಹೋದ ಶನಿವಾರ ತರಬೇತಿಗೆಂದು ಬೇರೆ ಊರಿಗೆ ಹೋಗಿದ್ದೆ. ಇವತ್ತು ಖಾಲಿ ತಟ್ಟೆಯನ್ನು ಬಿಟ್ಟು, ಬೆಂಡೆಕಾಯಿ ಹಿಡಿದು ಕೌಂಟರಿಗೆ ಬಂದೆ. ಆಕೆ ಕನ್ನಡಕದ ಮೇಲಿಂದ ನೋಡಿ, "ಪೋನ ಕಿಳಮೈ ಏನ್ ಪಿಳ್ಳೈ ವರೇಲ್ಲ?" ಎಂದರು. ಹೋದ ವಾರ ಯಾಕೆ ಬರಲಿಲ್ಲ ಮಗು, ಎಂದು. ನಾನು ಕಾರಣ ಹೇಳಿದೆ. ಹೇಳಿ ಹೋಗಬಾರದೇ ಎಂದು ಗೊಣಗುತ್ತ ಬಗ್ಗಿ, ಕೌಂಟರಿನ ಕೆಳಗಿಂದ ಪೇಪರಿನಲ್ಲಿ ಸುತ್ತಿದ ಕರಿಬೇವಿನ ಕಂತೆ ತೆಗೆದು ಚೀಲದ ಮೇಲಿಟ್ಟರು. ಪರ್ಸ್ ತೆರೆದ ನನ್ನ ಕೈಯನ್ನು ಪಕ್ಕಕ್ಕೆ ತಳ್ಳಿದರು. ನಾನು ಏನೂ ಕೇಳಿರಲಿಲ್ಲ.

ಸುಮ್ಮನೆ ಹೊರಡಲಾಗದೆ ಒಂದು ಹೋಳು ಕುಂಬಳಕಾಯಿ ಕೊಂಡೆ. ಅಪ್ಪನ ಸ್ವಭಾವವೂ ಎಲ್ಲಿ ಹೋಗುತ್ತದೆ.

ಈಗ ಸಂಜೆ. ಒಲೆಯ ಮೇಲೆ ಎಣ್ಣೆ ಕಾಯುತ್ತಿದೆ, ಫೋನಿನಲ್ಲಿ ಅಮ್ಮ. ಕರಿಬೇವು ಸಿಕ್ಕಿತು ಎಂದೆ.

"ಎಷ್ಟ್ ತಕ್ಕೊಂಡ್ರು?"

"ದುಡ್ಡಿಲ್ಲ. ಕೊಸರು. ನಾನ್ ಕೇಳ್ನಿಲ್ಲಮ್ಮ, ಅವರೇ ಎತ್ತಿಟ್ಟಿದ್ರು."

"ಓದ್ ವಾರ ನೀನ್ ಊರಲ್ ಇರ್ನಿಲ್ವಲ್ಲ, ಯಾಕ್ ಬರ್ನಿಲ್ಲ ಅಂತ ಕೇಳಿದ್ರಾ?"

"ಕೇಳಿದ್ರು."

"ಸರಿ ಬುಡು. ಎಣ್ಣೆ ಕಾದೈತೇನೋ, ನೋಡೋಗು," ಎಂದು ಫೋನಿಟ್ಟಳು. ಅಲ್ಲಿ ನಿನ್ನ ಕೇಳೋರು ಯಾರವ್ರೆ ಎಂದು ಕೇಳದೆ ಅವಳು ಫೋನಿಟ್ಟದ್ದು ಇದೇ ಮೊದಲು. ಎಣ್ಣೆ ಸರಿಯಾಗಿಯೇ ಕಾದಿತ್ತು. ಕರಿಬೇವು ಹಾಕಿದೆ.