ನಾಂದಿಯಲ್ಲಿ ಅಣ್ಣನ ಹೆಸರು

ನನ್ನ ಅಣ್ಣ ಗೋಪೀನಾಥ ಶುದ್ಧ ಪುಕ್ಕಲ. ದೀಪಾವಳಿಯಲ್ಲಿ ಬೀದಿಯ ಹುಡುಗರು ಆನೆಪಟಾಕಿ ಹಚ್ಚಿದರೆ ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆ ಸೇರುತ್ತಿದ್ದ. ಅಂಥವನು ವಾಯುಪಡೆಗೆ ಸೇರಿ, ಬಾಂಬ್ ಹಾಕುವ ವಿಮಾನದಲ್ಲಿ ದಾರಿ ತೋರಿಸುವವನಾದ! ರಜೆಯ ಮೇಲೆ ರಾಜಾಜಿನಗರದ ಮನೆಗೆ ಬಂದಾಗ ರೇಗಿಸಿದೆ. "ಪಟಾಕಿಗೆ ಹೆದರೋನು ಬಾಂಬ್ ಹೆಂಗಣ್ಣಾ ಹಾಕ್ತೀಯಾ?"

"ಅಷ್ಟು ಮೇಲಕ್ಕೆ ಸದ್ದು ಕೇಳ್ಸಲ್ಲ ಕಣೇ ಸೀತಾ," ಅಂದ. ನಗಲಿಲ್ಲ.

ಎಪ್ಪತ್ತೊಂದರಲ್ಲಿ, ಯುದ್ಧಕ್ಕೆ ಮುಂಚೆ ಕೊನೇ ಸಲ ಹೊರಟಾಗ ಅವನ ಮಗ ಕಿಟ್ಟಿಗೆ ಇನ್ನೂ ಹಲ್ಲು ಬಂದಿರಲಿಲ್ಲ. ಗೇಟಿನ ಹತ್ತಿರ ನನ್ನ ಕೈ ಹಿಡಿದುಕೊಂಡ, ಅಂಗೈ ತಣ್ಣಗಿತ್ತು. "ತುಂಬಾ ಭಯ ಆಗ್ತಿದೆ ಕಣೇ. ನಿಮ್ಮತ್ತಿಗೆಗೆ ಹೇಳ್ಬೇಡ." ಡಿಸೆಂಬರಿನಲ್ಲಿ ಟೆಲಿಗ್ರಾಂ ಬಂತು. ಗಡಿ ದಾಟಿ ಬಾಂಬ್ ಹಾಕಲು ಹೋದ ವಿಮಾನ ವಾಪಸು ಬಂದಿಲ್ಲ, ಕಾಣೆಯಾಗಿದ್ದಾರೆ ಎಂದಿತ್ತು. ಸತ್ತಿದ್ದಾರೆ ಎಂದು ಇರಲಿಲ್ಲ.

ಅತ್ತಿಗೆ ಪುಟ್ಟಲಕ್ಷ್ಮಿ ಅದನ್ನೇ ಹಿಡಿದುಕೊಂಡರು. ಕುಂಕುಮ ಅಳಿಸಲಿಲ್ಲ, ತಿಥಿ ಮಾಡಿಸಲಿಲ್ಲ. "ಸತ್ತೋರ ಸಾಲಲ್ಲಿ ಅವರ ಹೆಸರು ಹೇಳಿದ್ರೆ ನಾವೇ ಕೊಂದ ಹಾಗೆ" ಎನ್ನುತ್ತಿದ್ದರು. ಗೇಟು ಕಿರ್ ಎಂದರೆ ಸೌಟು ಹಿಡಿದುಕೊಂಡೇ ಬಾಗಿಲಿಗೆ ಓಡುವರು. ಬಂದವನು ಹಾಲಿನವನೇ ಆಗಿರುತ್ತಿದ್ದ. ಟೆಲಿಗ್ರಾಂ ತರುವವನ ಖಾಕಿ ಬಟ್ಟೆ ಕಂಡರಂತೂ ಮುಖ ಬಿಳಿಚಿಕೊಳ್ಳುತ್ತಿತ್ತು. ಕಿಟ್ಟಿ ಬ್ಯಾಂಕಿನ ಕೆಲಸ ಹಿಡಿದು ಕೆಂಗೇರಿ ಉಪನಗರದಲ್ಲಿ ಮನೆ ಮಾಡಿ ಕರೆದ. "ಅವರಿಗೆ ಗೊತ್ತಿರೋದು ಈ ಮನೆ ಒಂದೇ" ಎಂದು ಇವರು ಕದಲಲಿಲ್ಲ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಕಿಟ್ಟಿ ಆ ಗೇಟಿಗೆ ಎಣ್ಣೆ ಬಿಡಲು ಹೋದಾಗ ಬೇಡ ಎಂದು ತಡೆದವಳು ನಾನೇ.

ಎರಡು ಸಾವಿರದ ಏಳರಲ್ಲಿ, ಆ ಯುದ್ಧದಲ್ಲಿ ಕಾಣೆಯಾದವರ ಮನೆಯವರು ಪಾಕಿಸ್ತಾನದ ಜೈಲುಗಳಿಗೆ ಹೋಗಿ ಹುಡುಕಿ ಬರಿಗೈಯಲ್ಲಿ ಬಂದದ್ದನ್ನು ಟಿವಿಯಲ್ಲಿ ತೋರಿಸಿದರು. ಅತ್ತಿಗೆ ಬಸವೇಶ್ವರನಗರದ ನಮ್ಮ ಮನೆಗೆ ಫೋನ್ ಮಾಡಿದರು.

"ಸೀತಾ, ಅವರು ಇನ್ನೂ ಇದ್ರೆ... ಆ ಜೈಲಲ್ಲಿ ದಿನಾ ಹೊಡೀತಾ ಇರ್ತಾರಾ?"

"ಮೊದ್ಲು ಆ ಹಾಳು ಟಿವಿ ಆರ್ಸಿ ಅತ್ತಿಗೆ!" ಎಂದು ಗದರಿದೆ. ಫೋನಿಟ್ಟು ನಮ್ಮನೆ ಟಿವಿಯನ್ನೂ ಆರಿಸಿದೆ. ಅವನು ಸತ್ತಿರಬಹುದು ಎಂಬ ಹೆದರಿಕೆ ಹಳೆಯದು, ಹೇಗೋ ಅಭ್ಯಾಸವಾಗಿತ್ತು. ಬದುಕಿರಬಹುದು ಎಂದು ಹೆದರಿದ್ದು ಅವತ್ತೇ ಮೊದಲು.

ಮುಂದಿನ ವರ್ಷ ಕಿಟ್ಟಿಯ ಮಗ ಅನಿಕೇತನ ಮುಂಜಿ. ಅತ್ತಿಗೆಯ ಹಟಕ್ಕೆ ಅದೇ ಹಳೇ ಮನೆಯಲ್ಲಿ. ಹಿಂದಿನ ದಿನ ಬೆಳಿಗ್ಗೆ ನಾಂದಿ. ವಟುವಿನ ತಂದೆ ತೀರಿಕೊಂಡ ಹಿರಿಯರ ಹೆಸರು ಹೇಳಿ ಆಶೀರ್ವಾದ ಬೇಡಬೇಕು. ಕಿಟ್ಟಿಯ ಮುಂಜಿ, ಮದುವೆಗಳಲ್ಲಿ ನಾಂದಿಯನ್ನು ಅವನ ಚಿಕ್ಕಪ್ಪ, ನನ್ನ ತಮ್ಮ, ಮಾಡಿ ಮುಗಿಸಿದ್ದ. ಈ ಸಲ ಮಣೆಯ ಮೇಲೆ ಕಿಟ್ಟಿಯೇ ಕೂರಬೇಕಾಯಿತು.

ಶಾಸ್ತ್ರಿಗಳು ಹೊಸಬರು. "ತಂದೆಯವರು ಇದ್ದಾರೋ, ಇಲ್ವೋ?" ಎಂದು ಕೇಳಿಬಿಟ್ಟರು.

ಅಯ್ಯೋ ದೇವರೇ! ಕಿಟ್ಟಿಯ ಕೈಯಲ್ಲಿ ಅಕ್ಷತೆ ಹಾಗೇ ನಿಂತಿತು. ಅಮ್ಮನ ಮುಖ ನೋಡಿದ. "ತಾತನಿಂದ್ಲೇ ಶುರು ಮಾಡ್ತೀನಮ್ಮ," ಎಂದ.

ಅತ್ತಿಗೆ ನನ್ನ ಮಣಿಕಟ್ಟು ಹಿಡಿದರು. ಅವರ ಬಳೆ ನನಗೆ ಒತ್ತುತ್ತಿತ್ತು.

"ಬೇಡ. ಅವರ ಹೆಸರು ಹೇಳು."

"ಅಮ್ಮಾ..."

"ಹೇಳೋ! ಇಷ್ಟು ವರ್ಷ ನಾನು ಬದುಕಿಸಿಟ್ಕೊಂಡು ಏಟು ತಿನ್ನಿಸಿದ್ದು ಸಾಕು."

ಕಿಟ್ಟಿ ಹೇಳಿದ. ಶಾಸ್ತ್ರಿಗಳು ಮಂತ್ರ ಮುಂದುವರಿಸಿದರು. ಈಗ ತಾನೇ ಎಲ್ಲೋ ಒಂದು ಕಡೆ ಅಣ್ಣನ ಉಸಿರು ನಿಂತಿತೇನೋ ಅನ್ನಿಸಿ ಗೋಡೆಗೆ ಒರಗಿದೆ.

ಅತ್ತಿಗೆ ಬೆವತುಹೋಗಿದ್ದರು. "ಇನ್ನು ಅವರಿಗೆ ಭಯ ಆಗಲ್ಲ ಅಲ್ವಾ ಸೀತಾ?" ಎಂದು ಪಿಸುಗುಟ್ಟಿದರು. "ಹೋಗೋ ದಿನ ತುಂಬಾ ಹೆದರಿದ್ರು. ನಿಂಗೆ ಹೇಳ್ಬೇಡ ಅಂದಿದ್ರು."

ಅಷ್ಟರಲ್ಲಿ ಹೊರಗೆ ಗೇಟು ಕಿರ್ ಎಂದಿತು.

ಅತ್ತಿಗೆ ಏಳಲಿಲ್ಲ. ನಾನು ಎದ್ದು ಬಾಗಿಲಿಗೆ ಓಡಿದೆ.