ಗೋಪುರದ ಮೆಟ್ಟಿಲಲ್ಲಿ ಏದುಸಿರು

ಊರಿಗೆಲ್ಲ ಆಕೆ ಗಂಟೆಯಕ್ಕ. ಗಡಿಯಾರ ಗೋಪುರದ ನೂರಾ ಅರವತ್ತೆಂಟು ಮೆಟ್ಟಿಲು ಹತ್ತಿ ದಿನಾ ಬೆಳಿಗ್ಗೆ ಗಡಿಯಾರಕ್ಕೆ ಕೀಲಿ ಕೊಡುವುದು ಅವಳ ಕೆಲಸ. ಅಪ್ಪನಿಂದ ಬಂದದ್ದು, ಇಪ್ಪತ್ತಾರು ವರ್ಷವಾಯಿತು. ಕೀಲಿ ಎಂದರೆ ಕೈಬೆರಳಿನ ಆಟವಲ್ಲ. ಹಿಡಿ ತಿರುಗಿಸಿ ತಿರುಗಿಸಿ, ಮೂಟೆಯಷ್ಟು ಭಾರದ ಎರಡು ಕಬ್ಬಿಣದ ಗುಂಡುಗಳನ್ನು ಮೇಲೆಳೆಯಬೇಕು. ಅವು ದಿನವಿಡೀ ಇಳಿಯುತ್ತಾ ಗಡಿಯಾರ ನಡೆಸುತ್ತವೆ. ಆಳು ದಪ್ಪ, ಅದರಲ್ಲಿ ಮುಚ್ಚುಮರೆ ಏನಿಲ್ಲ. ಹುಟ್ಟಿದಾಗಲೇ ಸೂಲಗಿತ್ತಿ "ಎರಡಾಳಿನ ಕೂಸು" ಎಂದಿದ್ದಳಂತೆ. ಆದರೆ ಎಲ್ಲೂ ನಿಲ್ಲದೆ, ಏನಾದರೂ ಗುನುಗುತ್ತಲೇ ತುದಿ ಮುಟ್ಟುತ್ತಿದ್ದಳು. ಹಿಂದೆ ಎಣ್ಣೆ ಡಬ್ಬಿ ಹಿಡಿದ ತಮ್ಮ. ನಲವತ್ತೈದು ದಾಟಿದರೂ ಎಲ್ಲರ ಬಾಯಲ್ಲಿ ಅವನು ಕಡ್ಡಿ. ಚಕ್ರಗಳ ಧೂಳು ಒರೆಸಿ ಎಣ್ಣೆ ಬಿಡುವುದು ಅವನ ಪಾಲು.

ವರ್ಷಕ್ಕೊಮ್ಮೆ ಇಬ್ಬರೂ ಮೈ ಗಟ್ಟಿಯಿದೆಯೆಂದು ಡಾಕ್ಟರ ಸಹಿ ತರಬೇಕು, ಇಲ್ಲದಿದ್ದರೆ ಕೆಲಸ ಹೋದಂತೆ. ಹಳೆಯ ಡಾಕ್ಟರು ಇಬ್ಬರನ್ನೂ ಎರಡು ಮಹಡಿ ಹತ್ತಿಸಿ ಇಳಿಸಿ, ಎದೆ ಕೇಳಿ, "ನನಗಿಂತ ನೀನೇ ಗಟ್ಟಿ ಕಣಮ್ಮ" ಎಂದು ಸಹಿ ಹಾಕುತ್ತಿದ್ದರು. ಈ ಸಲ ಹೊಸಬರು. ಗಂಟೆಯಕ್ಕ ಬಾಗಿಲಲ್ಲಿ ಕಾಣಿಸಿಕೊಂಡದ್ದೇ ತಡ, ಪೆನ್ನು ಓಡತೊಡಗಿತು. ಅವಳು ಕೂರುವ ಮೊದಲೇ ಅರ್ಧ ಹಾಳೆ ತುಂಬಿತ್ತು. ಬಿಪಿ ನೋಡುವ ಪಟ್ಟಿ ತೋಳಿಗೆ ಸಾಲದೆ ಟರ್ರೆಂದು ಬಿಚ್ಚಿಕೊಂಡಿತು. ಎಳೆದು ಬಿಗಿದರೆ ಮತ್ತೆ ಟರ್ರೆಂದಿತು. ಆದರೂ ಹಾಳೆಯ ಮೇಲೆ ಎರಡು ಅಂಕಿ ಬಂದು ಕೂತವು. ಯಾರ ತೋಳಿನವೋ ದೇವರೇ ಬಲ್ಲ.

"ಹದಿನೈದು ಕೆಜಿ ಇಳಿಸ್ಕೊಂಡು ಮೂರು ತಿಂಗಳಿಗೆ ಬನ್ನಿ. ಇಲ್ಲಾಂದ್ರೆ ಸಹಿ ಹಾಕಲ್ಲ."

"ಸಾರ್, ದಿನಾ ಗೋಪುರ ಹತ್ತೋಳು ನಾನು. ಒಂದ್ಸಲ ಎದೆ ಕೇಳಿ ನೋಡಿ."

"ಕೇಳೋದೇನಿದೆಯಮ್ಮ, ನೋಡಿದ್ರೆ ಗೊತ್ತಾಗಲ್ವಾ?"

ಹಿಂದೆ ನಿಂತಿದ್ದ ಕಡ್ಡಿಯನ್ನು ಕಂಡು ಡಾಕ್ಟರ ಮುಖ ಅರಳಿತು. "ಮೈ ಅಂದ್ರೆ ಹೀಗಿರಬೇಕು." ಅವನ ಹಾಳೆಗೆ ನಿಂತಲ್ಲೇ ಸಹಿ ಬಿತ್ತು. ಕಡ್ಡಿ ಏನೋ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನವರನ್ನು ಕರೆದಾಗಿತ್ತು.

ದಾರಿಯಲ್ಲಿ ಅವಳು ತನ್ನ ಹಾಳೆ ಓದಿಕೊಂಡಳು. ಮೆಟ್ಟಿಲು ಹತ್ತುವಾಗ ಏದುಸಿರು. ಎದೆಯಲ್ಲಿ ಬಿಗಿತ. ನಡುವೆ ಕೂರಬೇಕಾಗುತ್ತದೆ. ಇದರಲ್ಲಿ ಒಂದನ್ನೂ ಅವಳು ಹೇಳಿರಲಿಲ್ಲ, ಅವರು ಕೇಳಿಯೂ ಇರಲಿಲ್ಲ. ಯಾವಳೋ ಬೇರೆ ಹೆಂಗಸಿನ ಕಾಯಿಲೆಯನ್ನು ತಂದು ತನ್ನ ಹೆಸರಿನ ಕೆಳಗೆ ಕೂರಿಸಿದ್ದರು. ಮೈಯೆಲ್ಲ ಉರಿದುಹೋಯಿತು.

ಮರುದಿನದಿಂದ ಕಡ್ಡಿ ಜೊತೆಗೆ ಬರುವುದನ್ನು ಬಿಟ್ಟ. "ನೀನು ಬರೋಷ್ಟರಲ್ಲಿ ನನ್ನ ಕೆಲಸ ಮುಗಿಸ್ಕೊಂಡು ಹೋಗಿರ್ತೀನಿ ಅಕ್ಕ, ಬಿಸಿಲಿಗೆ ಮುಂಚೆ ಆದ್ರೆ ಆರಾಮ" ಎಂದ. ಅವಳು ಒಬ್ಬಳೇ ಹತ್ತತೊಡಗಿದಳು.

ನಾಲ್ಕನೆಯ ದಿನ ಆ ಉಸಿರು ಕೇಳಿಸಿತು.

ಗೋಪುರದ ನಡುವೆ ಗುಂಡುಗಳು ಇಳಿಯಲು ಬಾವಿಯಂಥ ಪೊಳ್ಳು. ಅದಕ್ಕೆ ಹಲಗೆಯ ಗೋಡೆ, ಗೋಡೆಯನ್ನು ಸುತ್ತಿಕೊಂಡು ಮೆಟ್ಟಿಲು. ಅರ್ಧ ದಾರಿಯ ಕಿಟಕಿಯ ಹತ್ತಿರ ಬಂದಾಗ, ಹುಸ್... ಹುಸ್... ಮೇಲಿನಿಂದಲೋ ಕೆಳಗಿನಿಂದಲೋ ತಿಳಿಯಲಿಲ್ಲ, ಕಿವಿಯ ಪಕ್ಕದಲ್ಲೇ ಇತ್ತು. ಅವಳು ನಿಂತಳು. ಅದೂ ನಿಂತಿತು. ಹೆಜ್ಜೆ ಎತ್ತಿಟ್ಟಳು. ಅದೂ ಶುರುವಾಯಿತು.

ಇದು ನನ್ನದೇ ಉಸಿರಾ? ಹಾಳೆಯಲ್ಲಿ ಬರೆದದ್ದನ್ನು ಮೈ ಓದಿಕೊಂಡುಬಿಟ್ಟಿತಾ? ಬೆಳಗಿನ ತಿಂಡಿ ಬಿಟ್ಟಳು, ರಾತ್ರಿಯೂಟ ಅರ್ಧ ಮಾಡಿದಳು. ಗುನುಗುವುದು ತಾನಾಗಿ ನಿಂತುಹೋಯಿತು. ಉಸಿರು ಮಾತ್ರ ನಿಲ್ಲಲಿಲ್ಲ. ದಿನಾ ಅದೇ ಕಿಟಕಿಯ ಬಳಿ, ವಾರದಿಂದ ವಾರಕ್ಕೆ ಇನ್ನಷ್ಟು ಒರಟಾಗಿ. ಆ ಹಾಳೆಯ ಹೆಂಗಸು ತನ್ನದೇ ಮುಖ ಹೊತ್ತು ಮೆಟ್ಟಿಲ ಮೇಲೆ ಕೂತಿರುವುದು ಅವಳ ಕಣ್ಣಿಗೆ ಕಟ್ಟುತ್ತಿತ್ತು.

ತಮ್ಮನ ಹತ್ತಿರ ಹೇಳಿಕೊಂಡಳು. "ಮೆಟ್ಟಿಲಲ್ಲಿ ಏದುಸಿರು ಕೇಳ್ಸುತ್ತೆ ಕಣೋ. ನಂದೇ ಏನೋ ಅಂತ ಭಯ."

ಅವನು ಕೈಯಲ್ಲಿದ್ದ ಲೋಟವನ್ನೇ ನೋಡುತ್ತಾ, "ಗಾಳಿ ಇರಬೇಕು, ಬಿಡಕ್ಕ" ಎಂದ.

ಸಹಿಯ ದಿನಕ್ಕೆ ಒಂದು ವಾರವಿತ್ತು. ಆವತ್ತು ಕಿಟಕಿಯ ಬಳಿ ಅವಳಿಗೆ ರೋಸಿಹೋಯಿತು. ನಿಂತಳು, ಬಾಯಿ ಮುಚ್ಚಿದಳು, ಎರಡು ಬೆರಳಲ್ಲಿ ಮೂಗು ಬಿಗಿಹಿಡಿದಳು. ಆ ಉಸಿರೂ ನಿಂತಿತು. ಮೇಲೆ ಗಡಿಯಾರದ ಟಕ್ ಟಕ್ ಮಾತ್ರ. ಹತ್ತು ಟಕ್. ಇಪ್ಪತ್ತು. ಅವಳ ಎದೆ ಬಾವಿಯ ನೀರಿನಂತೆ ತಣ್ಣಗಿತ್ತು. ಇಪ್ಪತ್ತಾರನೆಯದಕ್ಕೆ ಹಲಗೆಯ ಆಚೆ ಯಾರೋ ತಡೆಯಲಾರದೆ ಹಾ ಎಂದು ಗಾಳಿ ನುಂಗಿದರು.

ಹಲಗೆಯ ಗೋಡೆಯಲ್ಲಿ ರಿಪೇರಿಗೆಂದು ಬಿಟ್ಟಿದ್ದ ಗಿಡ್ಡ ಬಾಗಿಲನ್ನು ಎಳೆದಳು. ಒಳಗಿನ ಕಿರಿದಾದ ಅಟ್ಟಣೆಯ ಮೇಲೆ ಎಣ್ಣೆ ಡಬ್ಬಿ ತಬ್ಬಿಕೊಂಡು ಕಡ್ಡಿ ಮುದುಡಿ ಕೂತಿದ್ದ. ತುಟಿ ನೀಲಿಗಟ್ಟಿತ್ತು.

"ಅರ್ಧ ಹತ್ತೋಕೇ ಒಂದು ಗಂಟೆ ಬೇಕು ಅಕ್ಕ. ನಿನ್ನ ಹೆಜ್ಜೆ ಕೇಳಿದ್ರೆ ಇಲ್ಲಿ ಸೇರ್ಕೋತಿದ್ದೆ. ನೀನು ಇಳಿದು ಹೋದ ಮೇಲೆ ಉಳಿದದ್ದು ಹತ್ತೋದು." ಗಾಳಿಗಾಗಿ ತಡೆದ. "ಡಾಕ್ಟ್ರು ನಂಗೇನೂ ಇಲ್ಲ ಅಂದ್ರಲ್ಲಾ. ನಾನೇ ಸೋಮಾರಿ ಆಗಿದ್ದೀನಿ ಅಂದ್ಕೊಂಡೆ."

ಬೈಯಬೇಕೆನಿಸಿತು, ಅಳು ಬಂತು. ಎರಡನ್ನೂ ನುಂಗಿ ಅವನನ್ನು ಬೆನ್ನಿಗೇರಿಸಿಕೊಂಡಳು. ದಿನಾ ಎಳೆಯುವ ಗುಂಡಿಗಿಂತ ಹಗುರವಾಗಿದ್ದ. ಮೆಟ್ಟಿಲು ಇಳಿದು, ಬೀದಿ ದಾಟಿ, ಡಾಕ್ಟರ ಕೋಣೆಯ ಬಾಗಿಲನ್ನು ಕಾಲಿನಿಂದ ತಳ್ಳಿದಳು.

ಡಾಕ್ಟರು ದಡಬಡಿಸಿ ಎದ್ದರು. "ನಾನು ಹೇಳಿರ್ಲಿಲ್ವಾ! ಕೂತ್ಕೊಳ್ಳಿ, ಮೊದಲು ಕೂತ್ಕೊಳ್ಳಿ." ಬೆನ್ನ ಮೇಲೆ ಯಾರೂ ಇಲ್ಲವೇ ಇಲ್ಲವೆಂಬಂತೆ ಅವಳ ಎದೆಗೆ ಸ್ಟೆತಸ್ಕೋಪ್ ಒತ್ತಿದರು. ಕೇಳಿದರು. ಹುಬ್ಬು ಗಂಟಿಕ್ಕಿತು. ಜಾಗ ಬದಲಿಸಿ ಮತ್ತೆ ಕೇಳಿದರು. ಅಲ್ಲಿ ಗಡಿಯಾರದಷ್ಟು ನೆಟ್ಟಗೆ ಬಡಿಯುವ ಗುಂಡಿಗೆ ಬಿಟ್ಟರೆ ಏನೂ ಇರಲಿಲ್ಲ.

"ಇಷ್ಟು ಜೋರಾಗಿ ಏದುಸಿರು ಕೇಳ್ತಿದೆಯಲ್ಲಾ..." ಎಂದರು.

"ಅದು ನಂದಲ್ಲ ಸಾರ್," ಎಂದು ಗಂಟೆಯಕ್ಕ ಅವರಿಗೆ ಬೆನ್ನು ತಿರುಗಿಸಿ ನಿಂತಳು. "ಆ ಉಸಿರು ನಿಲ್ಲೋಕೆ ಮುಂಚೆ ಕೇಳ್ಕೊಳ್ಳಿ."