ಮೂವತ್ತು ಫೂಟಿನ ಸುತ್ತು

ಆ ಭಾನುವಾರ ನಮ್ಮ ಮನೆಯವರು ಮೂರು ರೊಟ್ಟಿ ತಿಂದರು. ದಿನಾ ಎರಡು ತಿನ್ನುವವರು. ಕಡಲೆ ಸೊಪ್ಪಿನ ಪಲ್ಯ ಇತ್ತು. ಕೈ ತೊಳೆದು ಬಂದು ಕೇಳಿದರು:

"ಸೋಮಲಿ, ಮನ್ಯಾಗ ಸುಣ್ಣದ ಪುಡಿ ಐತೇನ?"

"ಹಬ್ಬಿಲ್ಲ, ಹುಣ್ಣಿವಿಲ್ಲ. ಸುಣ್ಣ ಯಾಕ?"

"ತಾಂಡಾದ ಹೆಣಮಕ್ಕಳನ್ನ ಅಳೀಬೇಕಾಗೈತಿ."

"ಈ ವಯಸ್ಸಿನ್ಯಾಗ?" ಎಂದೆ.

ಜೋರಾಗಿ ನಕ್ಕರು. ಮುಂದಿನ ಎರಡು ಹಲ್ಲು ಇರಲಿಲ್ಲ. ನಕ್ಕಾಗ ಬಾಯಿಗೆ ಕೈ ಅಡ್ಡ ಹಿಡಿಯುವ ರೂಢಿ. ಅವತ್ತು ಹಿಡಿಯಲಿಲ್ಲ.

ಅವರ ಹೆಸರು ಥಾವರಪ್ಪ ಚವ್ಹಾಣ. ಬದುಕಿದ್ದಾಗ ಆ ಹೆಸರನ್ನು ನಾನು ಬಾಯಲ್ಲಿ ಹೇಳಿದವಳಲ್ಲ. ಈಗ ಬರೆಯುತ್ತೇನೆ. ಕಸಬು ಗೌಂಡಿ. ಗೋಡೆ ಕಟ್ಟುತ್ತಿದ್ದರು. ನಮ್ಮದು ಮುದ್ದೇಬಿಹಾಳದ ಅಂಚಿನ ಲಂಬಾಣಿ ತಾಂಡಾ. ಮೊದಲು ಊರಿಗೂ ನಮಗೂ ನಡುವೆ ಹೊಲಗಳಿದ್ದವು. ಈಗ ಊರೇ ನಡೆದು ನಮ್ಮ ಬಾಗಿಲಿಗೆ ಬಂದಿದೆ. ಮನೆಯಲ್ಲಿ ನಮ್ಮ ಮಾತು ಬೇರೆ. ಇಲ್ಲಿ ಎಲ್ಲರಿಗೂ ತಿಳಿಯಲಿ ಎಂದು ಕನ್ನಡದಲ್ಲಿ ಹಾಕಿದ್ದೇನೆ. ನಾನು ಕಲಿತದ್ದು ಮೂರನೆಯ ಇಯತ್ತೆ.

ಪುರಸಭೆಯವರು ಲಂಬಾಣಿಗರಿಗೆ ಒಂದು ಸಂಸ್ಕೃತಿ ಭವನ ಕಟ್ಟಬೇಕೆಂದು ಸಮಿತಿ ಮಾಡಿದರು. ತಾಂಡಾದವರು ಒಬ್ಬರು ಬೇಕಾಗಿತ್ತು. ಇವರು ಆ ದಿನ ಪುರಸಭೆಯ ಕಂಪೌಂಡಿಗೆ ಸಿಮೆಂಟು ಬಳಿದು ಗಿಲಾವು ಮಾಡುತ್ತಿದ್ದರು. ಕಣ್ಣಿಗೆ ಬಿದ್ದರು, ಹೆಸರು ಬರೆದುಕೊಂಡರು. ಅಷ್ಟೇ.

ಮೂರು ಸಭೆಗೆ ಹೋದರು. ಮೂರರಲ್ಲೂ ಬಾಯಿ ಬಿಡಲಿಲ್ಲ.

"ಏನ ಮಾತಾಡಿ ಬಂದ್ರಿ?" ಎಂದು ನಾನು ಕೇಳಿದರೆ, "ಚಾ ಛಲೋ ಇತ್ತು" ಎನ್ನುತ್ತಿದ್ದರು.

ನಾಲ್ಕನೆಯ ಸಭೆಯಲ್ಲಿ ಇಂಜಿನಿಯರ ಅನೀಲಕುಮಾರ ಮೇಜಿನ ಮೇಲೆ ನಕ್ಷೆ ಹಾಸಿದರು. ಒಂದು ಕಡೆ ಸ್ಟೇಜು, ಪರದೆ. ಎದುರಿಗೆ ಮುನ್ನೂರು ಕುರ್ಚಿ. ಇವರು ಎದ್ದು ನಿಂತರಂತೆ.

"ಸಾಹೇಬ್ರ, ನಮ್ಮ ಹೆಣಮಕ್ಕಳು ಯಾರ ಕಡೆ ಮಾರಿ ಮಾಡಿ ಕುಣೀಬೇಕ್ರಿ?"

ಎಲ್ಲರೂ ನಕ್ಕರು. ಇವರು ಕೂತುಕೊಳ್ಳಲಿಲ್ಲ. ನಮ್ಮ ಕುಣಿತ ಸುತ್ತು. ಅದಕ್ಕೆ ಎದುರು ಇಲ್ಲ, ಹಿಂದೆ ಇಲ್ಲ. ಹಾಡು ಒಂದು ಕಡೆ ಏಳುತ್ತದೆ, ಸುತ್ತಿ ಅಲ್ಲಿಗೇ ಬರುತ್ತದೆ. ನೋಡುತ್ತ ನಿಂತವಳನ್ನು ಕೈ ಹಿಡಿದು ಒಳಗೆ ಎಳೆದುಕೊಳ್ಳುತ್ತೇವೆ. ಹಿರಿಯರು ನ್ಯಾಯಕ್ಕೆ ಕೂತರೂ ನೆಲದ ಮೇಲೆ ಸುತ್ತು ಕೂಡುತ್ತಾರೆ. ಇದನ್ನೆಲ್ಲ ಇವರು ಅಲ್ಲಿ ತಡವರಿಸುತ್ತ ಹೇಳಿದರು. ಅನೀಲಕುಮಾರ ಮಾತ್ರ ನಕ್ಕಿರಲಿಲ್ಲ.

"ಸುತ್ತಿಗೆ ಎಷ್ಟ ಜಾಗಾ ಬೇಕ್ರಿ ಥಾವರಪ್ಪ?"

"ಅಳದ ಹೇಳ್ತೇನ್ರಿ."

ಸುಣ್ಣ ಬೇಕಾದದ್ದು ಅದಕ್ಕೆ.

ಮಧ್ಯಾಹ್ನ ಸೇವಾಲಾಲರ ಗುಡಿಯ ಮುಂದೆ ಇಪ್ಪತ್ತು ಹೆಂಗಸರನ್ನು ನಿಲ್ಲಿಸಿದರು. ಹೆಚ್ಚಿನವರು ಸೀರೆಯಲ್ಲಿ ಇದ್ದರು. ಇಬ್ಬರು ನೈಟಿಯ ಮೇಲೆ ಟಾವೆಲು ಹೊದ್ದು ಬಂದಿದ್ದರು.

"ಕುಣೀರವಾ! ಕಡಲಿ ಕೀಳಾಕ ಬಂದಂಗ ನಿಂತೀರಲ್ಲ" ಎಂದರು.

"ಕಾಕಾ, ಕುಣಿಯಾಕ ಪಗಾರ ಎಷ್ಟ?" ಎಂದಳು ಒಬ್ಬಳು.

"ಒಂದ ಕಪ್ಪ ಚಾ. ತಪ್ಪ ಹೆಜ್ಜಿ ಹಾಕಿದವರಿಗೆ ಅರ್ಧ ಕಪ್ಪ."

ಹಾಡು ಎದ್ದಿತು. ಇವರು ನಡುವೆ ಗೂಟ ಬಡಿದು, ಹಗ್ಗ ಹಿಡಿದು, ಹೊರಗಿನ ಹಿಮ್ಮಡಿಯವರೆಗೆ ಎಳೆದರು. ಸುಣ್ಣದಲ್ಲಿ ಗೆರೆ ಹಾಕಿದರು. ಈ ತುದಿಯಿಂದ ಆ ತುದಿಗೆ ಟೇಪು ಹಿಡಿದರು. ಅಲ್ಲಿಂದಲೇ ಫೋನು ಮಾಡಿದರು. "ಸಾಹೇಬ್ರ, ಮೂವತ್ತು ಫೂಟ. ಬರಕೋರ್ರಿ."

ನಾನು ಗೆರೆಯ ಹೊರಗೆ ಚಹಾದ ಪಾತ್ರೆ ಹಿಡಿದು ನಿಂತಿದ್ದೆ. ಸಾಲದು ಎಂದು ಅಲ್ಲೇ ತಿಳಿಯಿತು. ಅವರು ಅಳೆದದ್ದು ಸೀರೆಯನ್ನು. ನಮ್ಮ ಕುಣಿತದ ಬಟ್ಟೆ ಫೇಟಿಯಾ. ಕನ್ನಡಿ, ಕವಡೆ, ದಪ್ಪ ದಾರದ ಕಸೂತಿ, ಹತ್ತಾರು ನಿರಿಗೆಯ ಲಂಗ. ಉಟ್ಟು ತಿರುಗಿದರೆ ಆಚೆ ಒಂದು ಮೊಳ, ಈಚೆ ಒಂದು ಮೊಳ ಬಿಚ್ಚಿಕೊಳ್ಳುತ್ತದೆ. ಹೆಂಗಸರು ದೂರ ದೂರ ನಿಲ್ಲಬೇಕು. ಸುತ್ತು ತಾನೇ ದೊಡ್ಡದಾಗುತ್ತದೆ.

ತಾಂಡಾದಲ್ಲಿ ಇಂದಿಗೂ ದಿನಾ ಫೇಟಿಯಾ ಉಡುವವಳು ಒಬ್ಬಳೇ. ಇವರ ಅಕ್ಕ, ಚಾಂದಿಬಾಯಿ. ಅವಳು ಆ ದಿನ ಮದುವೆಗೆಂದು ಸಿಂದಗಿಗೆ ಹೋಗಿದ್ದಳು.

ಹೇಳಬೇಕೆಂದು ಬಾಯಿ ತೆರೆದೆ. ಅವರು ಹೆಂಗಸರ ನಡುವೆ ಕೂತು ಬಶಿಯಲ್ಲಿ ಚಹಾ ಸುರಿದುಕೊಂಡು, ಸಾಹೇಬರು ತಮ್ಮ ಮಾತು ಬರೆದುಕೊಂಡದ್ದನ್ನು ಎರಡನೆಯ ಸಲ ಹೇಳುತ್ತಿದ್ದರು. ಐವತ್ತಾರು ವರ್ಷದಲ್ಲಿ ಅವರ ಮಾತನ್ನು ಯಾರೂ ಬರೆದುಕೊಂಡಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ.

ಮರುದಿನ ಬೆಳಿಗ್ಗೆ ಕೆಲಸಕ್ಕೆ ಹೊರಟವರು ಚಪ್ಪಲಿ ಹಾಕಲು ಬಾಗಿದರು. ಏಳಲಿಲ್ಲ.

ಇವರಿಗೆ ಫೇಟಿಯಾ ಗೊತ್ತಿರಲಿಲ್ಲ ಎಂದಲ್ಲ. ನನ್ನ ತವರು ಇಂಡಿ ಕಡೆ, ಲಚ್ಯಾಣದ ಹತ್ತಿರದ ತಾಂಡಾ. ಒಂದು ಹೋಳಿ ಹಬ್ಬಕ್ಕೆ ಇವರು ಅಲ್ಲಿಗೆ ನೆಂಟರ ಮನೆಗೆ ಬಂದಿದ್ದರು. ನಾವು ಕುಣಿಯುವಾಗ ಸುತ್ತಿನ ತೀರ ಹತ್ತಿರ ನಿಂತರು. ನಾನು ತಿರುಗಿದ ರಭಸಕ್ಕೆ ಲಂಗದ ಅಂಚಿನ ಕವಡೆ ಅವರ ಮೊಣಕಾಲಿಗೆ ಬಡಿಯಿತು.

"ದೂರ ನಿಲ್ಲಾಕ ಆಗಂಗಿಲ್ಲೇನ?" ಎಂದೆ.

"ದೂರ ನಿಂತ್ರ ಕಾಣಂಗಿಲ್ಲ" ಎಂದರು.

ಮುಂದಿನ ಹೋಳಿಯ ಒಳಗೆ ನಾನು ಈ ತಾಂಡಾದಲ್ಲಿದ್ದೆ. ಆ ಫೇಟಿಯಾ ನನ್ನ ಅವ್ವ ಎರಡು ಮಳೆಗಾಲ ಕೂತು ಹೊಲಿದದ್ದು. ಉಟ್ಟರೆ ಸೊಂಟ ಜಗ್ಗುತ್ತಿತ್ತು. ಬಿಚ್ಚಿಟ್ಟರೆ ಮೈ ಹಗುರಾಗಿ ನಡಿಗೆಯೇ ತಪ್ಪುತ್ತಿತ್ತು. ನಡೆದು ಬಂದರೆ ನಾಲ್ಕು ಮನೆ ಆಚೆಗೆ ಸಪ್ಪಳ ಕೇಳುತ್ತಿತ್ತು. "ನೀ ಬರೂದ ಮೊದಲ ಕಿವಿಗೆ ಬರತೈತಿ, ಆಮ್ಯಾಲ ಕಣ್ಣಿಗೆ" ಎನ್ನುತ್ತಿದ್ದರು.

ಮದುವೆಯಾಗಿ ಎರಡು ವರ್ಷಕ್ಕೆ ಗೋವಾಕ್ಕೆ ದುಡಿಯಲು ಹೋದೆವು. ಹತ್ತೊಂಬತ್ತು ವರ್ಷ ಅಲ್ಲಿದ್ದೆವು. ಇವರು ಕಟ್ಟುತ್ತಿದ್ದರು, ನಾನು ಬುಟ್ಟಿ ಹೊರುತ್ತಿದ್ದೆ. ನಿರಿಗೆಯಲ್ಲಿ ಸಿಮೆಂಟು ಕೂತು ಫೇಟಿಯಾ ಗಟ್ಟಿಯಾಯಿತು. ಏಣಿ ಹತ್ತಲು ಬರಲಿಲ್ಲ. ಸೀರೆ ಉಟ್ಟೆ. ಸಮುದ್ರದ ದಂಡೆಯಲ್ಲಿ ಮಾರುವ ನಮ್ಮವರೇ ಅದನ್ನು ಒಯ್ದರು, ಕತ್ತರಿಸಿ ಚೀಲ ಹೊಲಿದರು. ಒಮ್ಮೆ ಒಬ್ಬ ಫಾರಿನ್ ಹೆಂಗಸಿನ ಹೆಗಲಿನಲ್ಲಿ ಅಂಥ ಚೀಲ ಕಂಡು ಇವರು, "ಸೋಮಲಿ, ಅದು ನಿಂದ ಏನ ನೋಡ" ಎಂದರು. ನೋಡಲಿಲ್ಲ ನಾನು.

ನಾನು ಮರೆತೆ, ಅವರೂ ಮರೆತರು. ಅಳತೆ ತಪ್ಪಿದ್ದರಲ್ಲಿ ನನ್ನ ಪಾಲೂ ಇದೆ.

ದಿನಕಾರ್ಯಕ್ಕೆ ಸಮಿತಿಯವರು ಬಂದರು. ಭವನದಲ್ಲಿ ಆ ಸುತ್ತು ಮಾಡೇ ಮಾಡುತ್ತೇವೆ, 'ಈ ಸುತ್ತು ಥಾವರಪ್ಪ ಅಳೆದದ್ದು' ಎಂದು ಕೆತ್ತಿದ ಕಲ್ಲು ಹಾಕುತ್ತೇವೆ ಎಂದರು. ಚಾಂದಿಬಾಯಿ ಆ ಮಾತನ್ನು ಸೆರಗಿಗೆ ಗಂಟು ಹಾಕಿಕೊಂಡಳು. ಬಂದವರಿಗೆಲ್ಲ ಕಲ್ಲಿನ ಸುದ್ದಿ ಹೇಳಿದಳು. ನಾನು ಸುಮ್ಮನಿದ್ದೆ. ಐದು ತಿಂಗಳು ಸುಮ್ಮನಿದ್ದೆ.

ಮಳೆಗಾಲದ ಮೊದಲು ಭವನದ ಜಾಗದಲ್ಲಿ ಗುರುತು ಹಾಕಿದರು. ಗೋವಾದಿಂದಲೂ ಇವರ ಜೊತೆ ದುಡಿದ ಅಬ್ದುಲಗನಿ ಭಾಯಿಯೇ ಅಲ್ಲಿ ಗೌಂಡಿ. ನನ್ನನ್ನು ಕರೆದು ತೋರಿಸಿದ. ಸುತ್ತಿನ ಹೊರಗೆ ಎಂಟು ಗೂಟ. ಗೂಟ ಇದ್ದಲ್ಲಿ ಕಂಬ ಬರುತ್ತದೆ, ಮೇಲೆ ಸ್ಲ್ಯಾಬು. ಸುತ್ತಿಗೂ ಕಂಬಕ್ಕೂ ನಡುವೆ ಒಂದು ಗೇಣು.

"ಭಾಭಿ, ಸೋಮವಾರ ಗುಂಡಿ ತೋಡ್ತೀವಿ" ಎಂದ.

ಗೋವಾದಲ್ಲಿ ಒಮ್ಮೆ ಇವರು ಎದೆಮಟ್ಟ ಏರಿದ ಗೋಡೆಯನ್ನು ತಾವೇ ಕೆಡವಿದ್ದರು. ಎರಡು ಬೆರಳು ಓರೆಯಾಗಿತ್ತು. ಮಾಲೀಕ ನೋಡಿಯೇ ಇರಲಿಲ್ಲ. "ಅವ ನೋಡದಿದ್ರ ಗ್ವಾಡಿಗೆ ಗೊತ್ತಿಲ್ಲೇನ?" ಎಂದಿದ್ದರು. ನಾನು ಚಾಂದಿಬಾಯಿಯ ಮನೆಗೆ ಹೋದೆ.

"ಅಕ್ಕಾ, ಅಳತಿ ತಪ್ಪೈತಿ. ಸಾಹೇಬ್ರಿಗೆ ಹೇಳಬೇಕು."

ಅವಳು ಜೋಳ ಹಸನು ಮಾಡುತ್ತಿದ್ದಳು. ಮೊರ ಕೆಳಗಿಟ್ಟಳು.

"ಸತ್ತ ಗಂಡನ ತಪ್ಪ ಡಂಗುರಾ ಹೊಡ್ಯಾಕ ಹೊಂಟೀಯೇನ? ನನ್ನ ತಮ್ಮ ಮೂರಂತಸ್ತಿನ ಮನಿ ಕಟ್ಟಿದಾಂವ. ನೀ ಬುಟ್ಟಿ ಹೊತ್ತಾಕಿ. ನಿಂಗೇನ ತಿಳೀತೈತಿ?"

"ಬುಟ್ಟಿ ಹೊತ್ತಾಕಿಗೆ ತಿಳದೈತಿ. ನೀ ನಿನ್ನ ಫೇಟಿಯಾ ಉಟ್ಟು ಬಂದು ಒಂದ ಸುತ್ತ ಹಾಕು, ನಿಂಗೂ ತಿಳೀತೈತಿ."

"ಬರ್ತೇನಿ! ಅವನ ಅಳತಿ ಖರೇ ಅಂತ ತೋರಸ್ತೇನಿ. ಆಮ್ಯಾಲ ನಿನ್ನ ಬಾಯಿಗೆ ಕೀಲಿ ಹಾಕ್ತೇನಿ."

ಭಾನುವಾರ ಆ ಜಾಗಕ್ಕೆ ಬಂದಳು. ಮನೆಮನೆಯ ಪೆಟ್ಟಿಗೆಯಲ್ಲಿದ್ದ ಹಳೆಯ ಫೇಟಿಯಾಗಳನ್ನು ಉಳಿದ ಹೆಂಗಸರಿಗೂ ಉಡಿಸಿಕೊಂಡು ಬಂದಳು. ಅಬ್ದುಲಗನಿ ಭಾಯಿ ಹೇಳಿಕಳಿಸಿದ್ದಕ್ಕೆ ಅನೀಲಕುಮಾರ ಬಂದಿದ್ದರು. ಅಬ್ದುಲಗನಿ ಭಾಯಿ ಎಂಟು ಗೂಟಕ್ಕೆ ಎಂಟು ಖಾಲಿ ಬ್ಯಾರಲ್ ನಿಲ್ಲಿಸಿ, "ಇವನ್ನ ಕಂಬ ಅಂತ ತಿಳಕೋರಿ" ಎಂದ. ನಾನು ಒಳಗೆ ಹೋಗಲಿಲ್ಲ. ಇವರು ಹೋಗಿ ವರ್ಷ ತುಂಬಿರಲಿಲ್ಲ.

ಚಾಂದಿಬಾಯಿ ಹಾಡು ಎತ್ತಿದಳು. ಮೊದಲ ಸುತ್ತು ನಿಧಾನ. ಏನೂ ಆಗಲಿಲ್ಲ. ಅವಳು ನನ್ನ ಕಡೆ ನೋಡಿ ಗದ್ದ ಎತ್ತಿದಳು. ಎರಡನೆಯ ಸುತ್ತಿಗೆ ಹಾಡು ಏರಿತು. ಬಗ್ಗಿ, ತಿರುಗಿ, ಲಂಗಗಳು ಬಿಚ್ಚಿಕೊಂಡವು. ಢಣ್ ಎಂದಿತು. ಮತ್ತೆ ಢಣ್. ಚಾಂದಿಬಾಯಿಯ ಲಂಗ ಬಡಿದು ಒಂದು ಬ್ಯಾರಲ್ ಉರುಳಿತು.

ಹಾಡು ನಿಂತಿತು. ಅವಳು ಬಗ್ಗಿ ಅಂಚು ನೋಡಿದಳು. ಒಂದು ಕನ್ನಡಿ ಒಡೆದಿತ್ತು. ಅಲ್ಲೇ ನೆಲಕ್ಕೆ ಕೂತಳು.

"ನಾ ಸಿಂದಗಿಗೆ ಹೋಗಬಾರದಿತ್ತ" ಎಂದಳು. "ಇದ್ದಿದ್ರ ಅವತ್ತ ಹೇಳತಿದ್ದೆ ಅವನಿಗೆ."

"ನಾ ಇದ್ದೆ, ಅಕ್ಕಾ. ನೋಡಿದೆ. ಹೇಳಲಿಲ್ಲ."

ಬೈಯುತ್ತಾಳೆ ಎಂದುಕೊಂಡೆ. ಕೈ ಚಾಚಿದಳು. ಎಬ್ಬಿಸಿದೆ.

ಅನೀಲಕುಮಾರ ಫೈಲು ತೆರೆದರು. "ಅಕ್ಕಾರ, ಒಂದ ಮಾತ ಹೇಳ್ತೇನ್ರಿ. 'ಸದಸ್ಯ ಥಾವರಪ್ಪ ಅಳೆದು ಕೊಟ್ಟ ಪ್ರಕಾರ ಮೂವತ್ತು ಫೂಟು' ಅಂತ ಠರಾವ ಆಗೇತ್ರಿ. ಅಂಕಿ ಬದಲ ಆದ್ರ ಅದು ರದ್ದ. ಹೊಸಾದ ಬರೀಬೇಕು."

"ಅವರ ಹೆಸರು?"

"ರದ್ದಾದ ಹಾಳಿಯೊಳಗ ಇರತೈತ್ರಿ."

ಕಲ್ಲಿನ ಮಾತನ್ನು ಅವರು ಎತ್ತಲಿಲ್ಲ. ನನಗೆ ತಿಳಿಯಿತು. ಚಾಂದಿಬಾಯಿಗೂ ತಿಳಿಯಿತು. ಅವಳು ಬೇರೆ ಕಡೆ ಮುಖ ತಿರುಗಿಸಿದಳು.

"ಬರೀರಿ ಹೊಸಾದ" ಎಂದೆ.

ಮತ್ತೆ ಕುಣಿದರು. ಟೇಪಿನ ಒಂದು ತುದಿ ನಾನು ಹಿಡಿದೆ, ಇನ್ನೊಂದು ತುದಿ ಅಬ್ದುಲಗನಿ ಭಾಯಿ. ನಲವತ್ತೆರಡು ಫೂಟು ಆಯಿತು.

"ಇಷ್ಟ ಅಗಲಕ್ಕ ನಡುವ ಕಂಬ ಇಲ್ಲದ ಸ್ಲ್ಯಾಬ್ ಹಾಕಾಕ ನಮ್ಮ ಕಡೆ ಆಗಂಗಿಲ್ಲ" ಎಂದರು ಅನೀಲಕುಮಾರ.

"ನಡುವ ಖುಲ್ಲಾ ಬಿಡ್ರಿ ಸಾಹೇಬ್ರ" ಎಂದ ಅಬ್ದುಲಗನಿ ಭಾಯಿ. "ಸುತ್ತಲೂ ಅಷ್ಟ ನೆರಳ ಮಾಡೂಣು. ಇವರು ಯಾವತ್ತ ಛತ್ತಿನ ಕೆಳಗ ಕುಣದಾರ?"

ಸಾಹೇಬರು ಹಾಗೇ ಬರೆದುಕೊಂಡರು. ಕೊನೆಗೆ ಪೆನ್ನು ಹಿಡಿದು ಕೇಳಿದರು: "ಯಾರ ಅಳತಿ ಅಂತ ಹಾಕಲ್ರಿ?"

"ಚಾಂದಿಬಾಯಿ ಅಂತ ಹಾಕ್ರಿ" ಎಂದೆ. ಅದು ಖರೇ ಇತ್ತು.

ಸಮಿತಿ ಒಪ್ಪಿತು. ಗೂಟಗಳು ಆರು ಫೂಟು ಆಚೆ ಸರಿದವು. ಮಳೆಗೆ ಕೆಲಸ ನಿಂತಿತು, ದೀಪಾವಳಿ ಮುಗಿದ ಮೇಲೆ ಮತ್ತೆ ಹತ್ತಿತು. ಕಲ್ಲಿನ ಮಾತನ್ನು ಯಾರೂ ಮತ್ತೆ ತೆಗೆದಿಲ್ಲ. ಬಸವನ ಬಾಗೇವಾಡಿಗೆ ಕೊಟ್ಟ ನನ್ನ ಮಗಳು ಬಂದಾಗ ಕೇಳಿದಳು, "ಅಪ್ಪನ ಹೆಸರ ಎಲ್ಲೂ ಇಲ್ಲಲ್ಲವಾ?" ಇಲ್ಲ ಎಂದೆ. ಸ್ಟೇಜೂ ಇಲ್ಲ, ನೋಡು ಎಂದೆ. ಅವಳು ಅಂಗಳದ ನಡುವೆ ಹೋಗಿ ನಿಂತಳು.

ಕಂಬಗಳು ಈಗ ನಿಂತಿವೆ. ಗೋಣಿಚೀಲ ಸುತ್ತಿದ್ದಾರೆ. ಹೊಸ ಸಿಮೆಂಟು ಒಣಗಿದರೆ ಸೀಳು ಬಿಡುತ್ತದೆ, ನೀರು ಕುಡಿಸಬೇಕು. ಅದಕ್ಕೆ ಒಬ್ಬಾಳು ಬೇಕೆಂದಾಗ ನಾನೇ ಮಾಡುತ್ತೇನೆ ಎಂದೆ. ಹೊತ್ತು ಮೂಡುವ ಮೊದಲು ಹೋಗುತ್ತೇನೆ. ಬ್ಯಾರಲ್‌ನಿಂದ ಕೊಡ ತುಂಬಿ, ಮೇಲಿನಿಂದ ಕೆಳಗೆ ಗೋಣಿ ತೊಯ್ಯುವಂತೆ ಸುರಿಯುತ್ತೇನೆ. ಎತ್ತರಕ್ಕೆ ಕೈ ಮುಟ್ಟದ ಕಡೆ ತಂಬಿಗೆಯಿಂದ ಎರಚುತ್ತೇನೆ. ಒಂದು ಕಂಬಕ್ಕೆ ಎರಡು ಕೊಡ. ಇಪ್ಪತ್ತೊಂದು ದಿನ ಸಾಕು ಎಂದು ಅಬ್ದುಲಗನಿ ಭಾಯಿ ಹೇಳಿದ್ದ. ಇಂದಿಗೆ ಇಪ್ಪತ್ತಾರು. ನಾಳೆಯೂ ಹೋಗುತ್ತೇನೆ.